ಪೇಢಾನಿಗೆ ಟಾವೆಲ್ ಬಿಡಿಸಿದ ಸಾತಲಿಂಗಪ್ಪ

"ಸಾತಲಿಂಗಪ್ಪನ ಮಾತು ಅವನ ಮನ್ಯಾಗಿನ ಪಂಖಾನೂ ಕೇಳಂಗಿಲ್ಲ" ಎಂದು ಸೊಲ್ಲಾಪುರದ ಶುಕ್ರವಾರ ಪೇಟೆಯ ಮಂದಿ ಹೇಳುತ್ತಿದ್ದರು. ಪೂರಾ ಸುಳ್ಳೇನಲ್ಲ. ಅವರು ಗುಂಡಿ ಒತ್ತಿದರೆ ಪಂಖಾ ಸುಮ್ಮನೆ ಜೋತುಬಿದ್ದಿರುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಸಾವಿತ್ರಿಬಾಯಿ ಬಂದು ಅದೇ ಗುಂಡಿ ಒತ್ತಿದರೆ ಗರಗರ ತಿರುಗುತ್ತಿತ್ತು. ಎದುರುಮನೆಯ ಕಲ್ಲಣ್ಣನದು ಇನ್ನೊಂದು ತೂಕ ಹೆಚ್ಚು: "ಸಾವಕಾರ್ರು ಗಿರಾಕಿಗೆ ಬರ್ರಿ ಅಂದ್ರ, ಆ ಗಿರಾಕಿ ಬಾಜೂಕಿನ ದುಕಾನಕ್ಕ ಹೋಗ್ತಾನ."

ಆದರೂ ಅವರ ಟಾವೆಲ್ ಅಂಗಡಿ ನಲವತ್ತು ವರ್ಷ ನಡೆಯಿತು. ಹೇಗೆ ನಡೆಯಿತು ಎಂದರೆ, ಅವರು ಮಾತಾಡದೆ ಇದ್ದದ್ದಕ್ಕೇ ನಡೆಯಿತು. ಉಳಿದ ಅಂಗಡಿಯವರು ಮಾತಾಡಿ ಮಾತಾಡಿ ಗಿರಾಕಿಯ ತಲೆ ತಿನ್ನುತ್ತಿದ್ದರೆ, ಇವರು ಟಾವೆಲ್ ಒಂದನ್ನು ಝಾಡಿಸಿ ಹಾಸಿ, ಅದರ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ತೀಡಿ, ಗಿರಾಕಿಯ ಕೈಗೆ ಕೊಟ್ಟು ಸುಮ್ಮನೆ ಕೂಡುತ್ತಿದ್ದರು. ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಕಾರಖಾನೆಯ ಮಾಲು ಎಂದು ಹೇಳಬಲ್ಲವರಾಗಿದ್ದರು. ಹೇಳಿರಿ ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ಅರವತ್ತೈದಕ್ಕೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಮಗ ನಿಲೇಶ ಅಂಗಡಿಯಲ್ಲಿ ತಾನೇ ಕೂತು, "ಅಪ್ಪಾ, ಇನ್ನ ಮನ್ಯಾಗ ಆರಾಮ ಕೂಡ್ರಿ" ಅಂದ. ಕೂತರು. ಆದರೆ ಮನೆ ಎಂಬುದು ಸಾವಿತ್ರಿಬಾಯಿಯ ರಾಜ್ಯ. ಮಹಡಿಯ ಮೇಲಿದ್ದ ಆ ಮನೆಯ ನೆಲದ ಶಹಾಬಾದ ಫರಸಿಗಲ್ಲಿನ ಮೇಲೆ ನೊಣ ಕೂಡಬೇಕಾದರೂ ಕಾಲು ಒರೆಸಿಕೊಂಡೇ ಕೂಡುತ್ತದೆ ಎಂದು ಕಲ್ಲಣ್ಣನ ಹೆಂಡತಿ ಆಣೆ ಮಾಡಿ ಹೇಳುತ್ತಿದ್ದಳು. ಸಾವಿತ್ರಿಬಾಯಿ ದಿನಕ್ಕೆ ನಾಲ್ಕು ಸಲ ಫರಸಿ ಒರೆಸುತ್ತಿದ್ದರು. ಸಾತಲಿಂಗಪ್ಪನವರು ನಾಲ್ಕು ಸಲ ಕಾಲು ಎತ್ತುತ್ತಿದ್ದರು. ಇಷ್ಟೇ ಅವರ ಉದ್ಯೋಗ.

ಹೀಗಿರುವಾಗ ಆಷಾಢದ ಒಂದು ದಿನ ಸೊಸೆ ರೂಪಾಲಿ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅಕ್ಕಲಕೋಟದ ಹುಡುಗಿ, ಆಗ ಐದು ತಿಂಗಳ ಬಸುರಿ. ಸೆರಗು ಸರಿಸಿದರೆ ಒಳಗೆ ಪಾಮೇರಿಯನ್ ನಾಯಿಮರಿ. ಎರಡು ತಿಂಗಳದ್ದು, ಅಂಗೈ ತುಂಬುವಷ್ಟು, ಖವಾ ಹೆಚ್ಚು ಹುರಿದ ಪೇಢೆಯ ಬಣ್ಣ. ಗೆಳತಿ ಪುಣೆಗೆ ಮನೆ ಬದಲಿಸುತ್ತಿದ್ದಳಂತೆ, ಇವಳಿಗೆ ಕೊಟ್ಟಳಂತೆ. ಹೆಸರನ್ನೂ ರೂಪಾಲಿ ಮೆಟ್ಟಿಲ ಮೇಲೇ ಇಟ್ಟು ಮುಗಿಸಿದ್ದಳು: ಪೇಢಾ.

ಪೇಢಾನನ್ನು ನೆಲಕ್ಕೆ ಬಿಟ್ಟರು. ಅದು ಮೂಗು ನೆಲಕ್ಕೆ ಹಚ್ಚಿ ಮೂರು ಸುತ್ತು ಸುತ್ತಿ, ದೇವರ ಜಗಲಿಯ ಮುಂದೆ, ಸಾವಿತ್ರಿಬಾಯಿ ಆಗಷ್ಟೇ ಒರೆಸಿದ ಜಾಗವನ್ನೇ ಆರಿಸಿಕೊಂಡು, ಉಚ್ಚೆಯ ಒಂದು ಹೊಂಡ ಮಾಡಿತು.

ಸಾವಿತ್ರಿಬಾಯಿ ಮೊದಲು ನೀರು ಹಾಕಿದರು, ಆಮೇಲೆ ಫಿನೈಲು, ಆಮೇಲೆ ಗೋಮೂತ್ರ. ಕೈ ತೊಳೆದುಕೊಂಡು ಬಂದ ಮೇಲೆ ಬಾಯಿ ಬಿಟ್ಟರು.

"ರೂಪಾ, ನೀ ಎರಡ ಜೀವದಾಕಿ, ಬ್ಯಾಡ ಅನ್ನಂಗಿಲ್ಲ ನಾ. ನಿನ್ನ ಕುಬುಸದ ದಿನಾ ತನಕ ನೋಡ್ತೀನಿ. ಅಷ್ಟರೊಳಗ ಇದು ಮನ್ಯಾಗ ಮಾಡೂದು ಬಿಡಲಿಲ್ಲಂದ್ರ ವಳಸಂಗಕ್ಕ ನಮ್ಮಣ್ಣನ ಹೊಲಕ್ಕ ಕಳಸ್ತೀನಿ. ಕೂಸು ಅಂಬೆಗಾಲಿಡೋ ಫರಸಿ ಇದು."

ಅವರದೂ ತಪ್ಪಲ್ಲ. ಆದರೆ ವಳಸಂಗದ ಆ ಹೊಲದಲ್ಲಿ ಕರುವಿನಷ್ಟು ಎತ್ತರದ ಎರಡು ನಾಯಿಗಳಿದ್ದವು. ಪೇಢಾನನ್ನು ಅವು ಪೇಢೆ ಎಂದೇ ತಿಳಿಯುವ ಸಂಭವ ಇತ್ತು.

ಅದೇ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಜೋಕಾಲಿಯ ಮೇಲೆ ಕೂತಿದ್ದ ಸಾತಲಿಂಗಪ್ಪನವರು ಸುಮ್ಮನೆ, ಯಾವ ಆಸೆಯೂ ಇಲ್ಲದೆ, "ಬಾ" ಅಂದರು. ಮರಿ ಬಂತು. ಬೇರೆ ಯಾರಾದರೂ ಕರೆದರೋ ಏನೋ ಎಂದು ಅವರು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. "ಕೂಡು" ಅಂದರು. ಅದು ಕೂತು, ಅವರ ಕಾಲಿನ ಹೆಬ್ಬೆರಳ ಮೇಲೆ ಗದ್ದ ಊರಿತು. ಅದಕ್ಕೆ ಕಾಲು ಸೋತು ಕೂತಿತ್ತು ಎಂದು ಸಾವಿತ್ರಿಬಾಯಿ ಆಮೇಲೆ ವಾದಿಸಿದ್ದುಂಟು. ಇರಲಿ. ಅರವತ್ತೈದು ವರ್ಷದಲ್ಲಿ ಮೊದಲ ಸಲ ಒಂದು ಜೀವ ತಮ್ಮ ಮಾತು ಕೇಳಿತ್ತು. ಅದನ್ನು ವಳಸಂಗಕ್ಕೆ ಕಳಿಸುವುದು ಹೇಗೆ?

ಸಂಜೆ ಚಹಾದ ಹೊತ್ತಿಗೆ ಹೇಳಿದರು: "ಇದಕ್ಕ ನಾ ಕಲಿಸ್ತೀನಿ."

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು.

"ಯಾರು, ನೀವಾ?" ಅಂದರು ಸಾವಿತ್ರಿಬಾಯಿ. "ನಿಮ್ಮ ಚಸ್ಮಾ ಎಲ್ಲೈತಿ ಅಂತ ನನ್ನ ಕೇಳ್ತೀರಿ. ನೀವು ನಾಯಿಗಿ ಜಾಗಾ ತೋರಸ್ತೀರಾ?"

ರೂಪಾಲಿ ಮಾತ್ರ ಮೊಬೈಲು ತೆಗೆದು ಓದಿ ಹೇಳಿದಳು. "ಮಾಮಾ, ಹಾಲ ಕುಡದ ಹತ್ತು-ಹದಿನೈದು ಮಿನಿಟಕ್ಕ, ಮಲಗಿ ಎದ್ದ ಕೂಡಲೆ, ಆಟಾ ಆಡಿದ ಮ್ಯಾಲ ಅದನ್ನ ಒಂದ ಜಾಗಾಕ್ಕ ಒಯ್ಯಬೇಕ್ರಿ. ದಿನಾ ಅದ ಜಾಗಾ. ಕೆಳಗ ಪೇಪರ ಹಾಸಬೇಕು. ಮಾಡಿದ ಕೂಡಲೆ ಶಾಬ್ಬಾಸ ಅಂದು ತಿನ್ನಾಕ ಕೊಡಬೇಕು. ತಪ್ಪ ಮಾಡಿದ್ರ ಬೈಬಾರ್ದು, ಹೊಡಿಬಾರ್ದು."

"ಬೈಯೂದು ನನಗ ಬರಂಗೇ ಇಲ್ಲವಾ" ಎಂದು ಮಾವ ನಿರಾಳವಾದರು.

ತೊಡಕು ಬಂದದ್ದು ಪೇಪರಿನಲ್ಲಿ. ಬಚ್ಚಲಮನೆಯ ಪಕ್ಕದ ಮೂಲೆಯಲ್ಲಿ ಹಾಸಲು ಅಂದಿನ ಮರಾಠಿ ಪೇಪರು ಬಿಡಿಸಿದರೆ ಮೊದಲ ಪುಟದಲ್ಲೇ ಅಕ್ಕಲಕೋಟ ಸ್ವಾಮಿಗಳ ಫೋಟೋ, ಗುರುವಾರವಲ್ಲವೇ. ಕಣ್ಣಿಗೆ ಒತ್ತಿಕೊಂಡು ಬದಿಗಿಟ್ಟರು. ಎರಡನೇ ಪುಟದಲ್ಲಿ ತೀರಿಹೋದವರ ಫೋಟೋಗಳು, ಅದರಲ್ಲಿ ಕಲ್ಲಣ್ಣನ ಸೋದರಮಾವ. ಮೂರನೇ ಪುಟದ ತುಂಬ ವಾಢದಿವಸದ, ಅಂದರೆ ಹುಟ್ಟುಹಬ್ಬದ, ಶುಭಾಶಯ, ಹಾರ ಹಾಕಿಕೊಂಡು ಕೈ ಮುಗಿದ ಪುಢಾರಿಗಳು. ಆ ಪುಟ ನಡೆಯುತ್ತಿತ್ತೇನೋ. ಆದರೆ ಅವರಲ್ಲಿ ಇಬ್ಬರು ಅಂಗಡಿಯ ಖಾಯಂ ಗಿರಾಕಿಗಳು. ದೇವರು, ಸತ್ತವರು, ಗಿರಾಕಿ ಮೂವರೂ ಇರುವ ಕಾಗದವನ್ನು ನಾಯಿಯ ಕೆಳಗೆ ಹಾಸಲು ಅವರ ಕೈ ಬರಲಿಲ್ಲ.

ಹಾಗಾಗಿ ತಮಗೆ ಗೊತ್ತಿದ್ದುದನ್ನೇ ಹಾಸಿದರು. ಅಂಗಡಿಯಿಂದ ನೇಯ್ಗೆ ತಪ್ಪಿದ ಮಾಲಿನ ಒಂದು ಗಂಟು ತರಿಸಿ, ಮೂಲೆಯಲ್ಲಿ ಟಾವೆಲ್ ಝಾಡಿಸಿ ಹಾಸಿ, ಅಂಚು ತೀಡಿ, ಪೇಢಾನನ್ನು ಅದರ ಮೇಲಿಟ್ಟು, ಗಿರಾಕಿಯ ಮುಂದೆ ಕೂತಂತೆ ಸುಮ್ಮನೆ ಕೂತರು. ನಲವತ್ತು ವರ್ಷದ ರೂಢಿ. ಅವಸರ ಮಾಡಲಿಲ್ಲ. ಹದಿನಾಲ್ಕನೇ ಮಿನಿಟಿಗೆ ಗಿರಾಕಿ ಒಪ್ಪಿತು.

"ಶಾಬ್ಬಾಸ" ಅಂದರು ಸಾತಲಿಂಗಪ್ಪನವರು. ಅಂದು, ಜೇಬಿನಿಂದ ಕಡಕ ರೊಟ್ಟಿಯ ಒಂದು ಚೂರು ತೆಗೆದು ಕೊಟ್ಟರು.

ಹತ್ತೇ ದಿನ. ಹತ್ತು ದಿನಕ್ಕೆ ಪೇಢಾ ಎಲ್ಲಿದ್ದರೂ ಓಡಿ ಬಂದು ಟಾವೆಲಿನ ಮೇಲೆ ಏರಿ, ಕೆಲಸ ಮುಗಿಸಿ, ರೊಟ್ಟಿಗೆ ಮುಖ ಎತ್ತುವಂತಾಯಿತು. ಕರ್ಚೀಫೂ ಒಗೆದು ಗೊತ್ತಿಲ್ಲದ ಮನುಷ್ಯ ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಎಂಟು-ಹತ್ತು ಟಾವೆಲ್ ಒಗೆದು ಹಾಕತೊಡಗಿದರು. ಕಲ್ಲಣ್ಣ ತನ್ನ ಮಾಳಿಗೆಯಿಂದ ಕೇಳಿದ: "ಏನ್ರಿ ಸಾವಕಾರ್ರ, ಮನ್ಯಾಗ ಕಟಿಂಗ್ ದುಕಾನ ತಗದೀರೇನ?"

"ಇಲ್ಲೋ, ಸಾಲಿ ತಗದೀನಿ" ಅಂದರು ಇವರು. ಇವರು ತಿರುಗಿ ಉತ್ತರ ಕೊಟ್ಟಿದ್ದನ್ನು ಕಲ್ಲಣ್ಣ ನಾಲ್ಕು ಮನೆಗೆ ಹೋಗಿ ಹೇಳಿ ಬಂದ.

ಸಾವಿತ್ರಿಬಾಯಿ ಹೊಗಳಲಿಲ್ಲ. ಆದರೆ ರೊಟ್ಟಿಯ ಚೂರು ತುಂಬಿಡಲು ಒಂದು ಚಿಕ್ಕ ಡಬ್ಬಿ ಕೊಟ್ಟರು. ಅವರ ಲೆಕ್ಕದಲ್ಲಿ ಅದು ಸತ್ಕಾರ ಸಮಾರಂಭ.

ಕುಬುಸದ ದಿನ ಬಂತು. ಏಳನೇ ತಿಂಗಳಿಗೆ ಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಾಣಂತನಕ್ಕೆ ಕರೆದೊಯ್ಯಲು ರೂಪಾಲಿಯ ತವರಿನವರು ಅಕ್ಕಲಕೋಟದಿಂದ ಜೀಪು ತುಂಬ ಬಂದರು. ಅವರ ಯಜಮಾನ ಬೀಗ ಸಿದ್ರಾಮಪ್ಪ, ಕಾಳಿನ ವ್ಯಾಪಾರಿ, ಮೀಸೆಯೇ ಕಾಲು ಕಿಲೋ ತೂಗುವ ಆಸಾಮಿ. ನಾಯಿಯನ್ನು ಮಾಳಿಗೆಯ ಮೇಲೆ ಕಟ್ಟೋಣ ಎಂದು ನಿಲೇಶ ಅಂದರೆ ಸಾತಲಿಂಗಪ್ಪನವರು ಎದೆ ಸೆಟೆಸಿ, "ಯಾಕ? ಅದು ಕಲತೈತಿ" ಅಂದಿದ್ದರು. ಸಾವಿತ್ರಿಬಾಯಿಯೂ ಹೂಂ ಅಂದಿದ್ದರು. ಆದರೆ ಜೀಪಿನ ಸದ್ದು ಕೇಳಿದ ಕೂಡಲೆ, ಬೀಗರ ಕಣ್ಣಿಗೆ ನಾಯಿಯ ಸಂಡಾಸು ಬೀಳಬಾರದೆಂದು, ಮೂಲೆಯ ಟಾವೆಲನ್ನು ಬೆರಳತುದಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿಬಿಟ್ಟರು. ಯಾರಿಗೂ ಹೇಳಲಿಲ್ಲ.

ಆರತಿ ಆಯಿತು, ಊಟ ಆಯಿತು. ಪೇಢಾನಿಗೂ ಹೋಳಿಗೆಯ ಹಾಲು ಯಾರೋ ಕುಡಿಸಿದರು. ಉಡುಗೊರೆ ಕೊಡುವ ಆಹೇರಿನ ಹೊತ್ತು ಬಂತು. ನಮ್ಮ ಕಡೆ ಬೀಗರಿಗೆ ಟಾವೆಲ್-ಟೊಪ್ಪಿಗೆ ಕೊಡದೆ ಕಳಿಸಿದರೆ ಏಳು ತಲೆಮಾರು ನೆನೆಸುತ್ತಾರೆ. ಟಾವೆಲ್ ವ್ಯಾಪಾರಿಯ ಮನೆಯಲ್ಲಿ ಕೇಳಬೇಕೇ? ಸಿದ್ರಾಮಪ್ಪನವರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಿಲೇಶ ಹಣೆಗೆ ಕುಂಕುಮ ಇಟ್ಟು ಬಿಳಿ ಟೊಪ್ಪಿಗೆ ತೊಡಿಸಿದ. ಸಾತಲಿಂಗಪ್ಪನವರು ಅಂಗಡಿಯಲ್ಲೇ ಶ್ರೇಷ್ಠವಾದ ಟಾವೆಲನ್ನು ತಂದು, ಝಾಡಿಸಿ, ಬೀಗರ ತೊಡೆಯ ಮೇಲೆ ಹಾಸಿ, ರೂಢಿಯಂತೆ ಅಂಚು ತೀಡಿದರು.

ಮೂಲೆಯಿಂದ ಮೂಲೆಗೆ ಚಡಪಡಿಸಿ ತನ್ನ ಜಾಗ ಹುಡುಕುತ್ತಿದ್ದ ಪೇಢಾ ಇದನ್ನು ಕಂಡಿತು. ಮಂದಿಯ ನಡುವೆ ನುಸುಳಿ ಬಂದು, ಬೀಗರ ತೊಡೆ ಏರಿ, ಮೂರು ಸುತ್ತು ಸುತ್ತಿ, ನಿಶ್ಚಿಂತೆಯಿಂದ ಕೂತಿತು.

ಎಲ್ಲರಿಗಿಂತ ಮೊದಲು ಒಂದು ದನಿ ಕೇಳಿತು.

"ಶಾಬ್ಬಾಸ."

ಸಾತಲಿಂಗಪ್ಪನವರು ಬೇಕೆಂದು ಅಂದದ್ದಲ್ಲ. ಎರಡು ತಿಂಗಳ ರೂಢಿ, ಬಾಯಿ ತಾನೇ ಅಂದುಬಿಟ್ಟಿತ್ತು. ಕೈ ಕೂಡ ರೊಟ್ಟಿಗಾಗಿ ಜೇಬಿನವರೆಗೆ ಹೋಗಿತ್ತು.

ಸಿದ್ರಾಮಪ್ಪನವರು ನಿಧಾನಕ್ಕೆ ಟಾವೆಲಿನ ಒಂದು ತುದಿ ಎತ್ತಿ ಕೆಳಗಿನ ಧೋತರ ಮುಟ್ಟಿ ನೋಡಿದರು. "ಬೀಗ್ರ," ಅಂದರು, "ಮಾಲ ಮಾತ್ರ ಖರೇನ ಛಲೋ ಐತ್ರಿ. ಒಂದ ಹನಿ ಕೆಳಗ ಇಳದಿಲ್ಲ ನೋಡ್ರಿ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದರು. ನಗದೆ ಇದ್ದವರು ಸಾವಿತ್ರಿಬಾಯಿ ಒಬ್ಬರೇ. "ನಾಳಿ ಮುಂಜಾನೆ ವಳಸಂಗ" ಅಂದರು.

"ಇಲ್ಲ" ಅಂದರು ಸಾತಲಿಂಗಪ್ಪನವರು.

ಈ ಸಲ ಎಲ್ಲರಿಗೂ ಕೇಳಿಸಿತು. ಸಾವಿತ್ರಿಬಾಯಿ ತಿರುಗಿ ನೋಡಿದರು.

"ಅದರ ಟಾವೆಲ್ ಯಾರ ಎತ್ತಿದ್ರು?" ಎಂದು ಕೇಳಿದರು ಇವರು. ಸಾವಿತ್ರಿಬಾಯಿಯ ಕಣ್ಣು ಬಕೆಟ್ಟಿನ ಕಡೆ ಹೋಯಿತು. "ಹೋಗ್ಲಿ, ನಿಂದೂ ತಪ್ಪಲ್ಲ. ನಾ ಟಾವೆಲ್ ಮ್ಯಾಲ ಮಾಡು ಅಂತ ಕಲಿಸಿದ್ದೆ, ಅದು ಟಾವೆಲ್ ಮ್ಯಾಲ ಮಾಡೇತಿ. ಮಾಸ್ತರ ತಪ್ಪಿದ್ರ ಹುಡುಗನ್ನ ಯಾಕ ಸಾಲಿ ಬಿಡಸ್ತಿ?"

ಮದುವೆಯಾಗಿ ನಲವತ್ತು ವರ್ಷದಲ್ಲಿ ಇಷ್ಟು ಉದ್ದ ಮಾತು ಅವರ ಬಾಯಿಂದ ಬಂದಿರಲಿಲ್ಲ. ಆ ಗಾಬರಿಯಲ್ಲೇ ಸಾವಿತ್ರಿಬಾಯಿ ಚಾಪೆಯ ಮೇಲೆ ಕೂತುಬಿಟ್ಟರು. ಸಂಧಿ ಮಾಡಿಸಿದವರು ಸಿದ್ರಾಮಪ್ಪನವರೇ. "ಬೀಗತಿಯವರ, ನಮ್ಮ ಮನಿ ಹಿಂದ ಹಿತ್ತಲ ಐತಿ, ಮಣ್ಣ ಐತಿ. ಮಗಳ ಸಂಗಾಟ ಇದನ್ನೂ ಒಯ್ತೀವಿ. ಮಾಸ್ತರು ಬಂದು ಕಲಿಸ್ಲಿ."

"ಕೂಸು ಈ ಮನಿಗೆ ಬರೂ ದಿನಾ ನೋಡ್ತೀನಿ," ಅಂದರು ಸಾವಿತ್ರಿಬಾಯಿ. "ಅದ ಕಡೀದು. ಅವತ್ತ ಒಂದ ಹನಿ ಬಿದ್ರೂ ವಳಸಂಗ."

ಸೊಸೆಯ ತವರಿನಲ್ಲಿ ಮಾವ ರಾತ್ರಿ ವಸ್ತಿ ಇರುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಅದಕ್ಕೆ ಸಾತಲಿಂಗಪ್ಪನವರು ದಿನಾ ಬಸ್ಸಿನಲ್ಲಿ ಹೋಗಿ ಬರುವ ನೌಕರದಾರರಾದರು. ಮುಂಜಾನೆ ಏಳರ ಎಸ್ಟಿ ಬಸ್ಸು, ಸಂಜೆ ಐದಕ್ಕೆ ವಾಪಸು. "ಸೊಸಿ ಬಾಣಂತನಕ್ಕ ಮಾವ ಹೋಗೂದು ನಾ ಎಲ್ಲೂ ಕೇಳಿಲ್ಲವ್ವಾ" ಎಂದು ಪೇಟೆ ನಕ್ಕಿತು. ದಾರಿಯಲ್ಲಿ ವಳಸಂಗ ಬರುತ್ತದಲ್ಲ, ಅಲ್ಲಿ ಬಸ್ಸು ನಿಂತಾಗ ಅವರು ಕಿಟಕಿಯಿಂದ ಮುಖ ತಿರುಗಿಸಿ ಕೂಡುತ್ತಿದ್ದರು.

ವಾರವಾದ ಮೇಲೆ ಕಂಡಕ್ಟರ್ ಕೇಳಿದ, "ಅಜ್ಜಾರ, ಈ ವಯಸ್ಸಿನಾಗ ಯಾವ ನೌಕರಿರಿ?"

"ಮಾಸ್ತರಕಿ."

"ಎಷ್ಟ ಹುಡುಗ್ರದಾರ?"

"ಒಬ್ಬವ. ಶಾಣ್ಯಾ ಇದ್ದಾನ, ಕಲತಿದ್ದ ಮರೀವಲ್ಲ. ಅದ ತ್ರಾಸು."

ಖರೆ ತ್ರಾಸು ಅದೇ ಆಗಿತ್ತು. ಮಣ್ಣಿನ ಮೇಲೆ ಬಿಟ್ಟರೆ ಪೇಢಾ ಟಾವೆಲ್ ಎಲ್ಲಿ ಎಂಬಂತೆ ಮುಖ ನೋಡುತ್ತಿತ್ತು. ಎರಡು ದಿನ ಯೋಚಿಸಿ ಸಾತಲಿಂಗಪ್ಪನವರು ಒಂದು ಉಪಾಯ ಕಂಡುಕೊಂಡರು. ಬಟ್ಟೆಯವನಿಗಲ್ಲದೆ ಇನ್ನೊಬ್ಬನಿಗೆ ಹೊಳೆಯುವಂಥದ್ದಲ್ಲ. ಹಿತ್ತಲಿನ ನುಗ್ಗೆಗಿಡದ ಬುಡದಲ್ಲಿ ಇಡೀ ಟಾವೆಲ್ ಹಾಸಿದರು. ಮರುದಿನ ಅದರಲ್ಲಿ ಒಂದು ಗೇಣು ಹರಿದು ತೆಗೆದರು. ಅದರ ಮರುದಿನ ಮತ್ತೊಂದು ಗೇಣು. ಟಾವೆಲ್ ಹೋಗಿ ನ್ಯಾಪ್ಕಿನ್ನಾಯಿತು, ನ್ಯಾಪ್ಕಿನ್ ಹೋಗಿ ಕರ್ಚೀಫಾಯಿತು, ಕರ್ಚೀಫು ಅಂಗೈಯಷ್ಟಾಯಿತು. ಆಮೇಲೆ ಹರಿಯುವುದು ಬಿಟ್ಟು ನೇಯ್ಗೆಯ ಅಡ್ಡ ಎಳೆಗಳನ್ನು ಬಿಚ್ಚತೊಡಗಿದರು. ಕೊನೆಗೆ ಮಣ್ಣಿನ ಮೇಲೆ ನಾಲ್ಕು ಎಳೆ, ಆಮೇಲೆ ಎರಡು. ಮಧ್ಯೆ ಒಮ್ಮೆ ರೂಪಾಲಿಯ ತಾಯಿ ಒಣಹಾಕಿದ್ದ ಟಾವೆಲ್ ಗಾಳಿಗೆ ಕೆಳಗೆ ಬಿದ್ದು, ಪೇಢಾ ಅದನ್ನು ಕಂಡು, ನಾಲ್ಕು ದಿನದ ಪಾಠ ನೀರುಪಾಲಾಯಿತು. ಬೈಯಲು ಬರದ ಮಾಸ್ತರು ಮತ್ತೆ ಕರ್ಚೀಫಿನಿಂದ ಶುರು ಮಾಡಿದರು.

ಇಪ್ಪತ್ತಾರನೇ ದಿನ ನುಗ್ಗೆಗಿಡದ ಕೆಳಗೆ ಒಂದು ಕೆಂಪು ದಾರ ಮಾತ್ರ ಇತ್ತು. ಇಪ್ಪತ್ತೇಳನೇ ದಿನ ಅದೂ ಇರಲಿಲ್ಲ. ಪೇಢಾ ಬರೀ ಮಣ್ಣನ್ನು ಮೂಸಿ, ಸುತ್ತು ಹಾಕಿ, ಕೂತಿತು. ಅಂದು ಸಿಕ್ಕಿದ್ದು ರೊಟ್ಟಿಯ ಚೂರಲ್ಲ, ಅರ್ಧ ರೊಟ್ಟಿ.

ಸಿದ್ರಾಮಪ್ಪನವರು ಸುಮ್ಮನೆ ನಂಬುವವರಲ್ಲ. ಒಮ್ಮೆ ತೊಡೆಯ ಮೇಲೆ ಅನುಭವ ಪಡೆದವರು. ಪಡಸಾಲೆಯಲ್ಲಿ ಆರು ಹೊಸ ಟಾವೆಲ್ ಸಾಲಾಗಿ ಹಾಸಿ, "ಹೂಂ, ಬಿಡ್ರಿ ನಿಮ್ಮ ವಿದ್ಯಾರ್ಥಿನ್ನ" ಅಂದರು. ಪೇಢಾ ಆರನ್ನೂ ತುಳಿದು ದಾಟಿ, ನೆಟ್ಟಗೆ ಹಿತ್ತಲಿಗೆ ಹೋಯಿತು.

"ಪಾಸ್" ಅಂದರು ಬೀಗರು.

ಕಾರ್ತಿಕದಲ್ಲಿ ರೂಪಾಲಿ ಹೆಣ್ಣು ಹಡೆದಳು. ಮೂರು ತಿಂಗಳಿಗೆ ಕೂಸಿನೊಡನೆ ಸೊಲ್ಲಾಪುರಕ್ಕೆ ಬಂದಳು. ಪೇಢಾ ಸಾತಲಿಂಗಪ್ಪನವರ ಕೈಚೀಲದಲ್ಲಿ ಬಂತು. ಸಾವಿತ್ರಿಬಾಯಿ ಕೂಸಿಗೆ ದೃಷ್ಟಿ ತೆಗೆದು ಒಳಗೆ ಕರೆದುಕೊಂಡರು. ನಾಯಿಯ ಮೇಲೆ ಒಂದು ದೃಷ್ಟಿ ಇಟ್ಟರು. ಮಧ್ಯಾಹ್ನವಾಯಿತು, ಒಂದು ಹನಿ ಬೀಳಲಿಲ್ಲ. ಸಂಜೆಯಾಯಿತು, ಬೀಳಲಿಲ್ಲ. ಎಲ್ಲಿಯೂ ಬೀಳಲಿಲ್ಲ, ಅದೇ ಫಜೀತಿ. ಪೇಢಾ ಬಾಗಿಲ ಮುಂದೆ ನಿಂತು ಸಣ್ಣಗೆ ಅಳುತ್ತಿತ್ತು. ಸಾತಲಿಂಗಪ್ಪನವರು ಮೂಲೆಯಲ್ಲಿ ಟಾವೆಲ್ ಹಾಸಿ ತೋರಿಸಿದರೆ, ಮಾಸ್ತರು ಅಸಭ್ಯ ಮಾತಾಡಿದರೇನೋ ಎಂಬಂತೆ ಮುಖ ತಿರುಗಿಸಿತು. ಅದಕ್ಕೆ ಈಗ ಮಣ್ಣೇ ಬೇಕು. ಶುಕ್ರವಾರ ಪೇಟೆಯಲ್ಲಿ ಮಣ್ಣೆಲ್ಲಿ? ಓಣಿಗೆ ಸಿಮೆಂಟು, ಗಟಾರಿಗೆ ಫರಸಿ. ಇದ್ದ ಒಂದು ಹಿಡಿ ಮಣ್ಣು ಸಾವಿತ್ರಿಬಾಯಿಯ ತುಳಸಿ ಕುಂಡದಲ್ಲಿತ್ತು. ಪೇಢಾ ಅತ್ತ ಒಮ್ಮೆ ನೋಡಿದ್ದನ್ನು ಕಂಡೇ ಅವರು ಅದನ್ನು ಕಪಾಟಿನ ಮೇಲೇರಿಸಿದ್ದರು.

ಸಾತಲಿಂಗಪ್ಪನವರು ಮರಿಯನ್ನು ಎತ್ತಿಕೊಂಡು, ಓಣಿ ದಾಟಿ, ಚೌಕ ದಾಟಿ, ಶಾಲೆಯ ಹಿಂದಿನ ಮೈದಾನಕ್ಕೆ ಓಡಿದರು. ಹನ್ನೆರಡು ಮಿನಿಟಿನ ದಾರಿ. ಅಂದಿನಿಂದ ದಿನಕ್ಕೆ ಐದು ಸಲ ಹೋಗಿ ಬರುವುದೇ ಆಯಿತು. "ಮೊದಲ ಮನ್ಯಾಗ ಇದ್ದೂ ಇಲ್ಲದಂಗ ಇದ್ರು, ಈಗ ಮನ್ಯಾಗೇ ಇಲ್ಲ" ಅಂದ ಕಲ್ಲಣ್ಣ.

ಒಂದು ತಿಂಗಳು ಹೀಗೆ ನಡೆಯಿತು. ಆಮೇಲೆ ಮಾಸ್ತರಿಗೆ ಜ್ವರ ಬಂತು, ಕೀಲು ಕೀಲು ಹಿಡಿಯುವ ಜ್ವರ. ಒಂದು ಬೆಳಿಗ್ಗೆ ಕಾಲು ಮಡಚಲು ಬರಲಿಲ್ಲ. ನಿಲೇಶ ಮಾಲು ತರಲು ಊರಾಚೆ ಹೋಗಿದ್ದ, ರೂಪಾಲಿ ಕೂಸಿನ ಕೈಯಲ್ಲಿ ಸಿಕ್ಕಿದ್ದಳು. ಪೇಢಾ ಮಂಚದ ಕೆಳಗೆ ಕೂತು ಅವರ ಮುಖ ನೋಡಿತು. ಎಂಟಾಯಿತು, ಹತ್ತಾಯಿತು. ಸಾವಿತ್ರಿಬಾಯಿ ಅದರ ಸುತ್ತ ಎರಡು ಸಲ ಫರಸಿ ಒರೆಸಿದರು. ಹನ್ನೊಂದಾಯಿತು. ಅದರ ಮೈ ನಡುಗುತ್ತಿತ್ತು, ಬಾಲ ಹೊಟ್ಟೆಗೆ ಅಂಟಿತ್ತು. ಆದರೆ ಫರಸಿ ಒಣಗಿಯೇ ಇತ್ತು.

"ನಾ ಏಳತೀನಿ" ಎಂದು ಸಾತಲಿಂಗಪ್ಪನವರು ಮಂಚದ ಅಂಚು ಹಿಡಿದರು.

"ಬಿದ್ಕೊಳ್ರಿ ಸುಮ್ಮ" ಅಂದರು ಸಾವಿತ್ರಿಬಾಯಿ. ಒರೆಸುವ ಬಟ್ಟೆ ಕೆಳಗಿಟ್ಟರು. ಸೆರಗು ಸೊಂಟಕ್ಕೆ ಬಿಗಿದು, ನಾಯಿಯನ್ನು ಮೊಸರಿನ ಗಡಿಗೆಯಂತೆ ಎರಡೂ ಕೈ ಚಾಚಿ ಹಿಡಿದು, ಮೆಟ್ಟಿಲಿಳಿದರು. ಅದು ಪೇಟೆ ಕಂಡ ದೃಶ್ಯ. ಕಲ್ಲಣ್ಣ ಬಾಗಿಲಲ್ಲೇ ನಿಂತು, "ವೈನಿ, ಸವಾರಿ ಎಲ್ಲಿಗ್ರಿ?" ಅಂದ.

"ದಾರಿ ಬಿಡೋ, ಅದಕ್ಕ ಜೋರ ಆಗೇತಿ."

ಹಿಂತಿರುಗಿ ಬಂದವರು ನಾಯಿಯ ನಾಲ್ಕೂ ಕಾಲು ತೊಳೆದು ಒರೆಸಿ, ಮಂಚದ ಬಳಿ ಬಿಟ್ಟರು. "ಜೀವಾ ಹೋಗೂವಷ್ಟ ತಡಕೊಂಡಿತ್ತರಿ. ನನ್ನ ಫರಸಿ ಸಂಬಂಧ."

"ವಳಸಂಗಕ್ಕ..." ಎಂದು ಇವರು ಅರ್ಧಕ್ಕೆ ನಿಲ್ಲಿಸಿದರು.

"ಇದ ಯಾಕ ಹೋಗತೈತಿ ವಳಸಂಗಕ್ಕ?" ಅಂದರು ಸಾವಿತ್ರಿಬಾಯಿ. "ದಿನಾ ಐದ ಸಲ ನಿಮ್ಮ ಮೊಣಕಾಲಾಗ ಎಲ್ಲಿ ಕಸುವ ಐತಿ? ನನ್ನ ಮೊಣಕಾಲಾಗರ ಎಲ್ಲೈತಿ? ಮಣ್ಣಿದ್ದಲ್ಲಿ ನಾವ ಹೋಗೂನು. ನಿಲ್ಯಾ ಹೇಳ್ತಿದ್ನಲ್ಲ, ಅಕ್ಕಲಕೋಟ ರೋಡಿಗಿನ ಮನಿ. ಮುಂದ ಅಂಗಳ ಐತಂತ."

ಮನೆ ಬದಲಿಸೋಣ ಎಂದು ನಿಲೇಶ ಆರು ವರ್ಷದಿಂದ ಕೇಳುತ್ತಿದ್ದ. ತಮ್ಮ ಅಪ್ಪ ಹುಟ್ಟಿದ ಮನೆ ಬಿಡುವುದಿಲ್ಲ ಎಂದು ಸಾತಲಿಂಗಪ್ಪನವರು ಆರು ವರ್ಷದಿಂದ ಗೋಣು ಅಲ್ಲಾಡಿಸುತ್ತಿದ್ದರು. ಅದೊಂದರಲ್ಲಿ ಮಾತ್ರ ಯಾರೂ ಅವರನ್ನು ಮೀರಿರಲಿಲ್ಲ. ಈಗ ಕೆಳಗೆ ನೋಡಿದರು. ಪೇಢಾ ಕಾಲು ಚಾಚಿ ನಿದ್ದೆ ಹೋಗಿತ್ತು.

"ಹೂಂ" ಅಂದರು.

ಅಕ್ಷಯ ತದಿಗೆಗೆ ಮುಹೂರ್ತ ಗೊತ್ತಾಯಿತು. ಸಾಮಾನೆಲ್ಲ ಟೆಂಪೋ ಸೇರಿತು. ಖಾಲಿ ಮನೆಯಲ್ಲಿ ಸಾವಿತ್ರಿಬಾಯಿ ಕೊನೆಯ ಸಲ ಫರಸಿ ಒರೆಸಿ, ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ದೀಪ ಇಟ್ಟರು. ಮನೆಯ ಹಿರಿಯ ಎಲ್ಲರ ಕೊನೆಗೆ ಹೊಸ್ತಿಲಿಗೆ ಕಾಯಿ ಒಡೆದು, ಕೈ ಮುಗಿದು, ಬಲಗಾಲಿಟ್ಟು ಹೊರಬೀಳಬೇಕು. ಓಣಿಯ ಮಂದಿ ಮೆಟ್ಟಿಲ ಕೆಳಗೆ ನೆರೆದಿದ್ದರು. ಕಲ್ಲಣ್ಣನ ಹೆಂಡತಿ ಆಗಲೇ ಕಣ್ಣು ಒರೆಸುತ್ತಿದ್ದಳು. ಸಾತಲಿಂಗಪ್ಪನವರೂ ಅಳುವುದಕ್ಕೆ ತಯಾರಾಗಿ ಗೋಡೆಗೆ ಕೈಯಿಟ್ಟು ನಿಂತಿದ್ದರು.

ಆಗ ಪೇಢಾ ಬಾಗಿಲಿಗೆ ಬಂದು, ಅವರ ಮುಖ ನೋಡಿ, ಕುಂಯ್ ಎಂದಿತು. ಮುಂಜಾನೆಯ ಗದ್ದಲದಲ್ಲಿ ಅದನ್ನು ಯಾರೂ ಮೈದಾನಕ್ಕೆ ಒಯ್ದಿರಲಿಲ್ಲ.

ಸಾತಲಿಂಗಪ್ಪನವರು ಗೋಡೆಯಿಂದ ಕೈ ತೆಗೆದರು. ಕಾಯಿಯನ್ನು ಮಗನ ಕೈಗೆ ತುರುಕಿ, ನಾಯಿಯನ್ನು ಎದೆಗವಚಿಕೊಂಡು, ಹೊಸ್ತಿಲು ದಾಟಿದರು. ಬಲಗಾಲೋ ಎಡಗಾಲೋ ಯಾರೂ ನೋಡಲಿಲ್ಲ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಅರ್ಧ ಕಾಲಲ್ಲಿ, ದಡದಡ ಮೆಟ್ಟಿಲಿಳಿದು, ಮಂದಿಯನ್ನು ಸೀಳಿಕೊಂಡು ಹೊರಟರು.

"ರೀ," ಎಂದು ಸಾವಿತ್ರಿಬಾಯಿ ಮೇಲಿನಿಂದ ಕೂಗಿದರು, "ಒಮ್ಮಿ ತಿರಗಿ ಮನಿ ಕಡೆ ನೋಡಿ ಹೋಗ್ರಿ."

ಅಷ್ಟರಲ್ಲಿ ಅವರು ಓಣಿಯ ತಿರುವು ದಾಟಿದ್ದರು.